ಹೊಸ್ತಿಲಾಚೆಯ ದೀಪಾವಳಿ

ದೀಪಾವಳಿಗೆ ಊರು ಸೇರುವುದು ನಮ್ಮವರ ವಾಡಿಕೆ, ಊರು ಬಿಡುವುದಲ್ಲ. ಗಣೇಶನ ಹಬ್ಬವನ್ನು ಬೀದಿಯ ಚಪ್ಪರದಲ್ಲಿ ಕಳೆಯಬಹುದು, ದಸರೆಯನ್ನು ಮೈಸೂರಿನ ರಾಜಬೀದಿಯಲ್ಲಿ ಜನಸಂದಣಿಯ ನಡುವೆ ನಿಂತು ನೋಡಬಹುದು. ದೀಪಾವಳಿ ಹಾಗಲ್ಲ. ಅದಕ್ಕೊಂದು ಹೊಸ್ತಿಲು ಬೇಕು. ಹೊಸ್ತಿಲಿನ ಎರಡು ಪಕ್ಕಗಳಲ್ಲಿ ಹಣತೆ ಬೇಕು. ಬಚ್ಚಲಿನಲ್ಲಿ ನೀರು ತುಂಬಿದ ಹಂಡೆ ಬೇಕು. ಬೆಳಗಿನ ಜಾವ ಎಬ್ಬಿಸಿ ಕೂರಿಸಿ ನೆತ್ತಿಗೆ ಎಣ್ಣೆಯೊತ್ತುವ ಒಂದು ಕೈ ಬೇಕು. ಇವುಗಳಲ್ಲಿ ಒಂದನ್ನಾದರೂ ಬೆನ್ನುಚೀಲದಲ್ಲಿ ಹೊತ್ತುಕೊಂಡು ಹೋಗಲು ಬಾರದು.

ಆದ್ದರಿಂದ, ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ತೀರ್ಥಹಳ್ಳಿ ಸೀಮೆಯ ತರುಣನೊಬ್ಬನು ಹಬ್ಬದ ರಜೆಯಲ್ಲಿ ತಾನು ನೇಪಾಳಕ್ಕೆ ಹೊರಟಿರುವುದಾಗಿ ಮನೆಗೆ ತಿಳಿಸಿದಾಗ ಅವನ ತಾಯಿ ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ, “ಹಬ್ಬದ ದಿನ ಯಾರಾದರೂ ಮನೆ ಬಿಟ್ಟು ಹೋಗ್ತಾರೇನೋ ಮಗಾ? ಹಂಡೆಗೆ ನೀರು ಹೊರೋರು ಯಾರು?” ಎಂದರು. ಅವನು ಒಬ್ಬನೇ ಮಗ. ಅಕ್ಕತಂಗಿಯರಿಲ್ಲ, ಅಣ್ಣತಮ್ಮಂದಿರಿಲ್ಲ. ಅವನಲ್ಲಿ ಉತ್ತರವಿರಲಿಲ್ಲ. ಆದರೆ ರೈಲಿನ ಟಿಕೆಟ್ಟಿತ್ತು.

ಬೆನ್ನುಚೀಲದ ಪ್ರವಾಸವೆಂಬುದು ಈಗಿನ ತರುಣರ ಒಂದು ವ್ರತ. ಎರಡು ಜೊತೆ ಬಟ್ಟೆ, ಒಂದು ಕಂಬಳಿಯಂಗಿ, ಹಲ್ಲುಜ್ಜುವ ಸಾಮಾನು, ಒಂದು ಟಾರ್ಚು. ಇಷ್ಟನ್ನು ಬೆನ್ನಿಗೇರಿಸಿ, ಎಲ್ಲಿ ರಾತ್ರಿಯಾಯಿತೋ ಅಲ್ಲಿ ಮಲಗುವುದು, ಏನು ಸಿಕ್ಕಿತೋ ಅದನ್ನು ತಿನ್ನುವುದು. ಹಿಂದಿನವರು ಕಾಶೀಯಾತ್ರೆಗೆ ಹೀಗೆಯೇ ಹೊರಡುತ್ತಿದ್ದರು. ಆದರೆ ಅವರಿಗೆ ಹೋಗಬೇಕಾದ ಸ್ಥಳವೊಂದಿತ್ತು. ಇವರಿಗೆ ಹೋಗುವುದೇ ಮುಖ್ಯ.

ಬೆಂಗಳೂರಿನಿಂದ ಗೋರಖಪುರಕ್ಕೆ ಸುಮಾರು ಎರಡು ದಿನಗಳ ರೈಲು ಪ್ರಯಾಣ. ಅಲ್ಲಿಂದ ಬಸ್ಸಿನಲ್ಲಿ ಮೂರು ಗಂಟೆಗಳ ಹಾದಿ ಸವೆದರೆ ಸುನೌಲಿ ಎಂಬ ಗಡಿಯ ಪೇಟೆ. ಧೂಳು, ಸರಕು ಲಾರಿಗಳ ಸಾಲು, ಚಹದಂಗಡಿಗಳು, ನಾಣ್ಯ ಬದಲಿಸುವವರ ಕೂಗು. 1950ರಲ್ಲಿ ಉಭಯ ದೇಶಗಳು ಮಾಡಿಕೊಂಡ ಶಾಂತಿ ಮತ್ತು ಸ್ನೇಹದ ಒಪ್ಪಂದದಿಂದಾಗಿ ಭಾರತೀಯನಿಗೆ ಇಲ್ಲಿ ರಹದಾರಿಯ ಮುದ್ರೆಯ ಗೊಡವೆಯಿಲ್ಲ. ಒಂದು ಕಮಾನಿನಡಿ ನಡೆದುಹೋದರೆ ಪರದೇಶ. ನೂರು ರೂಪಾಯಿ ನೂರ ಅರವತ್ತಾಗುತ್ತದೆ. ಗಡಿಯಾರದ ಮುಳ್ಳು ಹದಿನೈದು ನಿಮಿಷ ಮುಂದಕ್ಕೆ ಹೋಗುತ್ತದೆ. ಪಂಚಾಂಗವಂತೂ ಒಮ್ಮೆಗೇ ಐವತ್ತೇಳು ವರ್ಷ ನೆಗೆಯುತ್ತದೆ; ಅಲ್ಲಿನ ಸರ್ಕಾರದ ಕಾಗದಪತ್ರಗಳಲ್ಲಿ ನಡೆಯುವುದು ವಿಕ್ರಮ ಶಕೆ.

ಆ ಕಮಾನಿನಡಿ ತರುಣನು ಮೊದಲು ಗಮನಿಸಿದ್ದು ಚೀಲಗಳನ್ನು. ಅವನ ಮುಂದೆಯೂ ಹಿಂದೆಯೂ ನೂರಾರು ಜನ ನಡೆಯುತ್ತಿದ್ದರು. ಎಲ್ಲರ ಬೆನ್ನಿನ ಮೇಲೂ ಚೀಲಗಳಿದ್ದವು. ಆದರೆ ಅವು ವಿನೋದದ ಚೀಲಗಳಲ್ಲ. ಹಗ್ಗ ಬಿಗಿದ ಪೆಟ್ಟಿಗೆಗಳು, ಸುರುಳಿ ಸುತ್ತಿದ ರಜಾಯಿಗಳು, ಮಕ್ಕಳಿಗಾಗಿ ಕೊಂಡ ಪ್ಲಾಸ್ಟಿಕ್ ಸೈಕಲ್ಲು. ದೆಹಲಿ, ಮುಂಬಯಿ, ಬೆಂಗಳೂರುಗಳ ಹೋಟೆಲುಗಳಲ್ಲಿ ಅಡಿಗೆ ಮಾಡುವವರು, ರಾತ್ರಿಯೆಲ್ಲ ಎಚ್ಚರವಿದ್ದು ನಮ್ಮ ಗೇಟುಗಳನ್ನು ಕಾಯುವವರು ತಮ್ಮ ಮನೆಯ ದೀಪ ನೋಡಲು ಹೋಗುತ್ತಿದ್ದರು. ಕೊಲ್ಲಿ ರಾಷ್ಟ್ರಗಳಿಗೂ ಮಲೇಷಿಯಾಕ್ಕೂ ಹೋದವರು ಇನ್ನೆಷ್ಟೋ. ಹೊರಗೆ ದುಡಿಯುವವರು ಕಳುಹಿಸುವ ಹಣವೇ ಆ ದೇಶದ ಒಟ್ಟು ಉತ್ಪನ್ನದ ಹತ್ತಿರ ಹತ್ತಿರ ಕಾಲುಭಾಗದಷ್ಟಾಗುತ್ತದೆ. ಹಬ್ಬಕ್ಕೆಂದು ಮನೆಗೆ ನಡೆಯುವ ಆ ಪ್ರವಾಹದಲ್ಲಿ ಹಬ್ಬಕ್ಕೆಂದು ಮನೆಯಿಂದ ಹೊರಟುಬಂದವನು ಅವನೊಬ್ಬನೇ ಇದ್ದಿರಬೇಕು. ಪಕ್ಕದಲ್ಲಿ ನಡೆಯುತ್ತಿದ್ದವನೊಬ್ಬ, “ಮನೆ ಎಲ್ಲಿ ಭಾಯಿ?” ಎಂದು ಕೇಳಿ, ಉತ್ತರ ಕೇಳಿದ ಮೇಲೆ ನಂಬಲಾರದೆ ಮತ್ತೊಮ್ಮೆ ಕೇಳಿದನು.

ರಾತ್ರಿಯ ಬಸ್ಸು ತರಾಯಿಯ ಬಯಲನ್ನು ದಾಟಿ, ತ್ರಿಶೂಲಿ ನದಿಯ ದಂಡೆಯ ಅಂಕುಡೊಂಕಿನ ದಾರಿಯನ್ನು ಹಿಡಿಯುತ್ತದೆ. ಆ ರಸ್ತೆಯನ್ನು ಕುರಿತು ಹೆಚ್ಚು ಬರೆಯದಿರುವುದೇ ಲೇಸು; ಕಿಟಕಿಯ ಪಕ್ಕದಲ್ಲಿ ಕುಳಿತವನಿಗೆ ನಿದ್ದೆ ಬರುವುದಿಲ್ಲ, ದೇವರ ನೆನಪು ಬರುತ್ತದೆ.

ಕಾಠ್ಮಂಡುವಿನ ಹಳೆಯ ಅರಮನೆ ಹನುಮಾನ್ ಢೋಕಾದ ದಕ್ಷಿಣಕ್ಕೆ ಝೋಛೆಂ ಎಂಬ ಇಕ್ಕಟ್ಟಾದ ಬೀದಿಯಿದೆ. 1951ರವರೆಗೆ ಹೊರಗಿನವರಿಗೆ ಬಹುಮಟ್ಟಿಗೆ ಮುಚ್ಚಿದ್ದ ನೇಪಾಳ ಬಾಗಿಲು ತೆರೆದ ಕೆಲವೇ ವರ್ಷಗಳಲ್ಲಿ ಪಶ್ಚಿಮದ ತರುಣ ತರುಣಿಯರು ಯೂರೋಪಿನಿಂದ ನೆಲಮಾರ್ಗವಾಗಿ ತಿಂಗಳುಗಟ್ಟಲೆ ಪ್ರಯಾಣ ಮಾಡಿ ಬಂದು ಬೀಡುಬಿಟ್ಟದ್ದು ಈ ಬೀದಿಯಲ್ಲಿ. ಉದ್ದ ಕೂದಲು, ಹರಿದ ಅಂಗಿ, ಬೆನ್ನಿನ ಮೇಲೊಂದು ಚೀಲ. ಆಗ ಗಾಂಜಾ ಇಲ್ಲಿ ಅಂಗಡಿಗಳಲ್ಲಿ ರಾಜಾರೋಷವಾಗಿ ಮಾರಾಟವಾಗುತ್ತಿತ್ತು. 1973ರಲ್ಲಿ ಸರ್ಕಾರ ಅದನ್ನು ನಿಷೇಧಿಸಿದ ಮೇಲೆ ಆ ಸಂತತಿ ಚದುರಿತು. ಪ್ರವಾಸಿಗಳ ಪೇಟೆ ಉತ್ತರದ ಥಮೇಲಿಗೆ ಸರಿಯಿತು. ಈಗ ಅಕ್ಟೋಬರ್ ನವೆಂಬರುಗಳಲ್ಲಿ ಥಮೇಲಿನಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಮಳೆ ನಿಂತು ಆಕಾಶ ತೊಳೆದಂತಿರುವ ಕಾಲ. ಅನ್ನಪೂರ್ಣಾ, ಸಗರಮಾಥಾಗಳ ಕಡೆ ಕಾಲ್ನಡಿಗೆಗೆ ಹೊರಡುವವರ ದಟ್ಟಣೆ. ಝೋಛೆಂ ಮಾತ್ರ ಸದ್ದಿಲ್ಲದ ಹಳೆಯ ಬೀದಿಯಾಗಿ ಉಳಿದಿದೆ. ನಮ್ಮ ತರುಣನು ಇಳಿದುಕೊಂಡದ್ದು ಅಲ್ಲಿಯ ಒಂದು ನೇವಾರ ಮನೆಯ ಮೇಲಂತಸ್ತಿನಲ್ಲಿ. ನಾಲ್ಕು ಕೋಣೆಗಳ ವಸತಿಗೃಹ. ಅದನ್ನು ನಡೆಸುವವರು ಒಬ್ಬ ವೃದ್ಧೆ ಮತ್ತು ನಲವತ್ತರ ಆಸುಪಾಸಿನ ಅವರ ಅವಿವಾಹಿತ ಮಗಳು. ಬಂದ ಪ್ರವಾಸಿಗಳೆಲ್ಲ ಮಗಳನ್ನು ‘ದೀದಿ’ ಎನ್ನುತ್ತಾರೆ. ಅವನೂ ದೀದಿ ಎಂದನು.

ನೇಪಾಳಿಗರು ದೀಪಾವಳಿಯನ್ನು ತಿಹಾರ್ ಎನ್ನುತ್ತಾರೆ. ಹಬ್ಬ ಐದು ದಿನ. ಐದು ದಿನಕ್ಕೂ ಯಮನ ನೆರಳುಂಟು. ಆದ್ದರಿಂದಲೇ ಅದಕ್ಕೆ ಯಮಪಂಚಕವೆಂಬ ಇನ್ನೊಂದು ಹೆಸರು. ನಮ್ಮಲ್ಲಿಯೂ ನೀರು ತುಂಬುವ ಸಂಜೆ ಯಮದೀಪವಿಡುವುದುಂಟು. ಆದರೆ ಅಲ್ಲಿ ಹಬ್ಬದ ಮೊದಲನೆಯ ಪೂಜೆ ಕಾಗೆಗೆ ಸಲ್ಲುತ್ತದೆಂದರೆ ನಮ್ಮ ಹೆಂಗಸರು ಬಾಯಿಮೇಲೆ ಬೆರಳಿಟ್ಟುಕೊಂಡಾರು. ಕಾಗೆಗೆ ಅನ್ನವಿಡುವುದು ನಮಗೆ ಶ್ರಾದ್ಧದ ದಿನದ ಕೆಲಸ. ಇಲ್ಲಿ ಅದು ಯಮನ ದೂತ. ಅದನ್ನು ತೃಪ್ತಿಪಡಿಸಿದರೆ ವರ್ಷವಿಡೀ ಕೆಟ್ಟ ಸುದ್ದಿ ತಾರದೆಂಬ ನಂಬಿಕೆ. ಮಗ ಪರದೇಶದಲ್ಲಿರುವ ಮನೆಯಲ್ಲಿ ಈ ಪೂಜೆ ವಿನೋದದ್ದಾಗಿ ಉಳಿಯುವುದಿಲ್ಲ. ಆ ಬೆಳಿಗ್ಗೆ ತಾರಸಿಯ ಮೇಲೆ ಎಲೆಯಲ್ಲಿ ಅನ್ನವಿಟ್ಟು ಕೈಜೋಡಿಸಿ ನಿಂತಿದ್ದ ಮುದುಕಿ, ಕಾಗೆ ಬಂದು ಮುಟ್ಟುವವರೆಗೂ ಕದಲಲಿಲ್ಲ. ಅವರ ಮಗ ಆರು ವರ್ಷಗಳಿಂದ ಹೊರಗಿದ್ದಾನೆಂದು ದೀದಿ ಮೆಲ್ಲಗೆ ತಿಳಿಸಿದರು. ಎಲ್ಲಿ ಎಂದು ಕೇಳಿದರೆ, “ನಿಮ್ಮ ಬೆಂಗಳೂರಿನಲ್ಲಿಯೇ. ಹೋಟೆಲಿನಲ್ಲಿ ಅಡಿಗೆ ಕೆಲಸ. ಹಬ್ಬದಲ್ಲಿಯೇ ಅಲ್ಲವೇ ಗಿರಾಕಿ ಹೆಚ್ಚು? ರಜೆ ಕೊಡುವುದಿಲ್ಲ,” ಎಂದರು.

ಎರಡನೆಯ ದಿನ ನಾಯಿಗಳದು. ಬೀದಿಯ ನಾಯಿಗಳಿಗೆಲ್ಲ ಹಣೆಯಲ್ಲಿ ಕೆಂಪು ತಿಲಕ, ಕೊರಳಲ್ಲಿ ಚೆಂಡುಹೂವಿನ ಹಾರ, ಮುಂದೆ ಮಾಂಸವೋ ಹಾಲೋ ರೊಟ್ಟಿಯೋ ತುಂಬಿದ ತಟ್ಟೆ. ಪೊಲೀಸರ ಶ್ವಾನ ತರಬೇತಿ ಶಾಲೆಯಲ್ಲಂತೂ ಸಮವಸ್ತ್ರದ ಅಧಿಕಾರಿಗಳೇ ನಾಯಿಗಳಿಗೆ ಹಾರ ಹಾಕುತ್ತಾರೆ. ಮಧ್ಯಾಹ್ನದ ಹೊತ್ತಿಗೆ ಊರಿನ ನಾಯಿಗಳೆಲ್ಲ ಹೊಟ್ಟೆ ಭಾರವಾಗಿ, ಸನ್ಮಾನ ಮುಗಿಸಿಕೊಂಡು ಹೊರಬಂದ ಪುರಸಭಾಧ್ಯಕ್ಷರಂತೆ ಹಾರಸಮೇತ ತೂಗಾಡುತ್ತ ನಡೆಯುವ ದೃಶ್ಯ ಕಾಣತಕ್ಕದ್ದು. ಯಮನ ಬಾಗಿಲನ್ನು ಕಾಯುವ ಎರಡು ನಾಯಿಗಳ ಮಾತು ಋಗ್ವೇದದಷ್ಟು ಹಳೆಯದು. ಧರ್ಮರಾಯನು ಸ್ವರ್ಗದ ಬಾಗಿಲಲ್ಲಿ, ಜೊತೆ ಬಂದ ನಾಯಿಯನ್ನು ಬಿಟ್ಟು ಒಳಗೆ ಬರಲಾರೆನೆಂದ ಕಥೆಯನ್ನು ಕೇಳದವರಾರು? ಕುಮಾರವ್ಯಾಸನು ಹತ್ತು ಪರ್ವಗಳಿಗೇ ನಿಲ್ಲಿಸಿದ್ದರಿಂದ ಈ ನಾಯಿ ಗದುಗಿನ ಭಾರತದೊಳಕ್ಕೆ ಬರಲಿಲ್ಲ. ಉಳಿದ ಪರ್ವಗಳನ್ನು ತಿಮ್ಮಣ್ಣ ಕವಿ ಬರೆಯುವವರೆಗೆ ಕನ್ನಡದ ಹೊಸ್ತಿಲಿನ ಹೊರಗೇ ಕಾದಿತ್ತೆಂದು ವಿನೋದಕ್ಕೆ ಹೇಳಬಹುದು. ಕಾಠ್ಮಂಡುವಿನ ಜನ ಅದನ್ನು ವರ್ಷಕ್ಕೊಂದು ದಿನವಾದರೂ ಮರೆಯುವುದಿಲ್ಲ. ಉಳಿದ 364 ದಿನ ಅದೇ ನಾಯಿಗಳಿಗೆ ಕಲ್ಲೇಟು ಬೀಳುವುದಿಲ್ಲವೆಂದು ಹೇಳಲಾಗದು.

ಮೂರನೆಯ ಬೆಳಿಗ್ಗೆ ಗೋಪೂಜೆ. ತರುಣನು ಆ ಹೊತ್ತಿಗೆ ಬಾಗ್ಮತಿಯ ದಂಡೆಯ ಪಶುಪತಿನಾಥನ ಗುಡಿಯಲ್ಲಿದ್ದನು. ಹಿಂದೂಗಳಲ್ಲದವರಿಗೆ ಒಳಗೆ ಪ್ರವೇಶವಿಲ್ಲ; ಹಿಂದೂಗಳಾದರೂ ಲಿಂಗವನ್ನು ಮುಟ್ಟುವಂತಿಲ್ಲ. ಮುಟ್ಟುವ ಅಧಿಕಾರ ಭಟ್ಟರೆಂಬ ಅರ್ಚಕರಿಗೆ ಮಾತ್ರ. ಈ ಭಟ್ಟರು ಬರುವುದು ದಕ್ಷಿಣದಿಂದ; ಇತ್ತೀಚಿನ ತಲೆಮಾರುಗಳಲ್ಲಿ ಬಹುಮಟ್ಟಿಗೆ ಕರ್ನಾಟಕದ ಕರಾವಳಿಯಿಂದ. ಶಂಕರಾಚಾರ್ಯರೇ ಈ ಕ್ರಮವನ್ನು ಹಾಕಿಕೊಟ್ಟರೆಂದು ಸಂಪ್ರದಾಯಸ್ಥರು ಹೇಳುತ್ತಾರೆ. ರಾಜನು ಸತ್ತಾಗ ನಾಡಿಗೆಲ್ಲ ಸೂತಕವೊದಗಿ ಪೂಜೆ ನಿಲ್ಲಬಾರದೆಂದು ಹೊರನಾಡಿನವರನ್ನು ಇಟ್ಟರೆಂಬ ವಿವರಣೆಯೂ ಉಂಟು. 2008ರ ಕೊನೆಯಲ್ಲಿ, ಅರಸೊತ್ತಿಗೆ ಹೋದ ಮೇಲೆ ಬಂದ ಸರ್ಕಾರ ನೇಪಾಳಿ ಅರ್ಚಕರನ್ನು ನೇಮಿಸಹೊರಟಾಗ ದೊಡ್ಡ ಗದ್ದಲವೆದ್ದು, ವ್ಯಾಜ್ಯ ನ್ಯಾಯಾಲಯಕ್ಕೆ ಹೋಗಿ, ಹಳೆಯ ಪದ್ಧತಿಯೇ ಮರಳಿತು. ಹೊರನಾಡಿನವನೆಂಬುದೇ ಒಬ್ಬನಿಗೆ ಗರ್ಭಗುಡಿಯೊಳಗೆ ಅರ್ಹತೆಯಾದ ಉದಾಹರಣೆ ಬೇರೆಲ್ಲಿಯೂ ಸುಲಭವಾಗಿ ಸಿಗಲಾರದು.

ಕನ್ನಡಿಗರ ಹೆಸರು ಈ ನಾಡಿನಲ್ಲಿ ಇನ್ನೂ ಹಳೆಯದು. 1097ರಲ್ಲಿ ಮಿಥಿಲೆಯಲ್ಲಿ ರಾಜ್ಯ ಕಟ್ಟಿದ ನಾನ್ಯದೇವನ ವಂಶ ತನ್ನನ್ನು ‘ಕರ್ಣಾಟ’ ವಂಶವೆಂದು ಕರೆದುಕೊಂಡಿತು. ಅದರ ರಾಜಧಾನಿ ಸಿಮ್ರೌನ್‌ಗಢದ ಅವಶೇಷಗಳು ಇಂದಿನ ನೇಪಾಳದ ತರಾಯಿಯಲ್ಲಿವೆ. ತುಘಲಕನ ದಾಳಿಗೆ ಆ ಕೋಟೆ ಬಿದ್ದಾಗ ಕೊನೆಯ ಅರಸ ಹರಿಸಿಂಹದೇವನ ಪರಿವಾರ ಬೆಟ್ಟ ಹತ್ತಿ ನೇಪಾಳದ ಕಣಿವೆಯನ್ನು ಸೇರಿತು; ಮಲ್ಲರಾಜರ ಕುಲದೇವತೆ ತಲೇಜು ಅವರೊಡನೆ ಬಂದವಳೆಂದು ಐತಿಹ್ಯ. ಓಡಿಬಂದವರು ಬೆನ್ನಿನ ಮೇಲೆ ದೇವರನ್ನೇ ಹೊತ್ತು ತಂದರೆಂದಾಯಿತು.

ಅದೇ ಸಂಜೆ ಲಕ್ಷ್ಮೀಪೂಜೆ. ಅಸನ್ ಪೇಟೆಯಲ್ಲಿ ಆರು ಬೀದಿಗಳು ಕೂಡುವಲ್ಲಿ ಹೂವಿನ ರಾಶಿ, ಬಣ್ಣದ ಪುಡಿಗಳ ಗೋಪುರಗಳು, ಅಕ್ರೋಟಿನ ಮೂಟೆಗಳು. ಹೊರೆಯಾಳುಗಳು ಬಿದಿರಿನ ಡೋಕೋ ಬುಟ್ಟಿಯನ್ನು ಬೆನ್ನಿಗೇರಿಸಿ, ಅದರ ನಾಮ್ಲೋ ಪಟ್ಟಿಯನ್ನು ಹಣೆಗೆ ಕೊಟ್ಟು, ನೆಲ ನೋಡುತ್ತ ಓಡುತ್ತಾರೆ. ಪ್ರವಾಸಿಯ ಚೀಲದ ಭಾರ ಹೆಗಲ ಮೇಲೆ. ಅವರ ಭಾರ ಹಣೆಯ ಮೇಲೆ. ಕತ್ತಲಾಗುವ ಮುನ್ನ ಪ್ರತಿಯೊಂದು ಮನೆಯವರೂ ಅಂಗಡಿಯವರೂ ಬೀದಿಯಿಂದ ಒಳಗಿನ ದೇವರ ಕೋಣೆಯವರೆಗೆ ಸಗಣಿ ಮತ್ತು ಕೆಮ್ಮಣ್ಣು ಸಾರಿಸಿ ಒಂದು ಹಾದಿ ಬರೆಯುತ್ತಾರೆ. ಅದರ ಮೇಲೆ ಅಕ್ಕಿಹಿಟ್ಟಿನ ಪುಟ್ಟ ಹೆಜ್ಜೆಗಳು, ಎರಡೂ ಅಂಚಿಗೆ ಹಣತೆಗಳು. ಲಕ್ಷ್ಮಿ ದಾರಿತಪ್ಪದೆ ಒಳಗೆ ಬರಲೆಂದು ಈ ಏರ್ಪಾಡು. ಬೀದಿಯ ನಡುವೆ ನಿಂತವನ ಎಡಕ್ಕೂ ಬಲಕ್ಕೂ ಇಂಥ ನೂರು ಹಾದಿಗಳು. ಪ್ರತಿಯೊಂದೂ ಅವನ ಕಾಲ ಬುಡದಿಂದಲೇ ಹೊರಟು ಯಾರದೋ ಮನೆಯೊಳಕ್ಕೆ ಹೋಗುತ್ತದೆ. ತುಳಿಯಬಾರದೆಂದು ಅವನು ಹೆಜ್ಜೆ ಸರಿಸುತ್ತ ಸರಿಸುತ್ತ ಚರಂಡಿಯ ಅಂಚಿಗೆ ಬಂದುಬಿಟ್ಟನು.

ಬೆಳಕಿನ ಬೆಲೆ ಈ ಊರಿಗೆ ಪುಸ್ತಕದಿಂದ ತಿಳಿದದ್ದಲ್ಲ. ಹಿಂದೊಂದು ಕಾಲದಲ್ಲಿ ಚಳಿಗಾಲದ ದಿನಗಳಲ್ಲಿ ಹದಿನಾರು ಗಂಟೆಯವರೆಗೂ ಇಲ್ಲಿ ವಿದ್ಯುತ್ತಿರುತ್ತಿರಲಿಲ್ಲ. 2016ರ ತಿಹಾರಿನ ಹೊತ್ತಿಗೆ ರಾಜಧಾನಿ ಆ ಕತ್ತಲೆಯಿಂದ ಪಾರಾಯಿತು. ಪಟಾಕಿಗೆ ನಿಷೇಧವಿದೆ, ಕದ್ದು ಸುಡುವವರಿದ್ದರೂ ನಮ್ಮ ನಗರಗಳ ಗುಂಡಿನ ಕಾಳಗವಲ್ಲ. ಆದ್ದರಿಂದ ಹಾಡು ಕೇಳಿಸುತ್ತದೆ. ಆ ರಾತ್ರಿ ಹೆಣ್ಣುಮಕ್ಕಳು ಮನೆಮನೆಗೆ ಹೋಗಿ ಹಾಡುವುದು ಭೈಲೋ; ಮರುರಾತ್ರಿ ಗಂಡುಮಕ್ಕಳು ಹಾಡುವುದು ದೇವುಸಿ. ಈಗ ಎಲ್ಲರೂ ಸೇರಿಯೇ ಹೋಗುತ್ತಾರೆ. ಮುಂದಾಳು ಒಂದು ಮಾತು ಎತ್ತಿದರೆ ಗುಂಪು ಪಲ್ಲವಿ ಕೂಗುತ್ತದೆ. ಮನೆಯವರು ಮೊರದಲ್ಲಿ ಅಕ್ಕಿ, ಹಣ, ಒಂದು ದೀಪ, ಬಳೆಯಂತೆ ದುಂಡಗೆ ಕರಿದ ಸೇಲ್‌ರೋಟಿ ಇಟ್ಟು ಕೊಡುತ್ತಾರೆ. ದೇವುಸಿಯವರು ತಾವಾಗಿ ಬಂದವರಲ್ಲವಂತೆ. ಬಲಿರಾಜ ಕಳುಹಿಸಿದನೆಂದು ಬಾಗಿಲಲ್ಲಿ ಹೇಳಿಕೊಳ್ಳುತ್ತಾರೆ.

ಇದನ್ನು ಕೇಳಿದಾಗ ತೀರ್ಥಹಳ್ಳಿಯವನು ಬೆಚ್ಚಿದ್ದರೆ ಆಶ್ಚರ್ಯವಿಲ್ಲ. ಮಲೆನಾಡಿನ ಹಳ್ಳಿಗಳಲ್ಲಿ ಇದೇ ರಾತ್ರಿಗಳಲ್ಲಿ ಅಂಟಿಗೆ ಪಂಟಿಗೆಯವರು ಆರದ ದೀಪವೊಂದನ್ನು ಹಿಡಿದು, ಗದ್ದೆಯಂಚುಗಳಲ್ಲಿ ನಡೆದು, ಮನೆಮನೆಯ ಬಾಗಿಲಲ್ಲಿ ನಿಂತು ಹಾಡುತ್ತಾರೆ. ಮನೆಯೊಡತಿ ಆ ದೀಪಕ್ಕೆ ಎಣ್ಣೆ ಎರೆದು, ಅದರಿಂದ ತನ್ನ ದೀಪವನ್ನು ಹೊತ್ತಿಸಿಕೊಂಡು, ಅಕ್ಕಿ ಕಾಯಿ ಕೊಟ್ಟು ಕಳುಹಿಸುತ್ತಾಳೆ. ಅಲ್ಲಿಯೂ ಬಲೀಂದ್ರನ ಹೆಸರೇ. ತುಳುನಾಡಿನಲ್ಲಿಯೂ ಪಾಡ್ಯದ ಸಂಜೆ ಗದ್ದೆಗೆ ಹೋಗಿ ಬಲೀಂದ್ರನನ್ನು ಕೂಗಿ ಕರೆಯುತ್ತಾರೆ. ನೆಲ ಕಳೆದುಕೊಂಡು ಪಾತಾಳಕ್ಕೆ ಹೋದ ಅರಸ ವರ್ಷಕ್ಕೊಮ್ಮೆ ತನ್ನ ಊರನ್ನು ನೋಡಲು ಬರುವ ಹಬ್ಬ ಇದು. ಸುನೌಲಿಯ ಕಮಾನಿನಡಿ ಹಗ್ಗ ಬಿಗಿದ ಪೆಟ್ಟಿಗೆ ಹೊತ್ತು ನಡೆದವರಿಗೆ ಈ ಕಥೆಯ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ನಾಲ್ಕನೆಯ ದಿನ ಉಳಿದವರಿಗೆ ಗೋವರ್ಧನ ಪೂಜೆ, ಎತ್ತುಗಳ ಪೂಜೆ. ನೇವಾರರಿಗೆ ಹೊಸ ವರ್ಷ. ಕ್ರಿ. ಶ. 879ರ ಅಕ್ಟೋಬರ್ 20ರಂದು ಮೊದಲಾದ ನೇಪಾಳ ಸಂವತ್ಸರದ ಹುಟ್ಟಿಗೊಂದು ಸೊಗಸಾದ ಕಥೆಯಿದೆ. ಭಕ್ತಪುರದ ಅರಸನಿಗೆ ಜೋಯಿಸನೊಬ್ಬ, ಇಂಥ ಮುಹೂರ್ತದಲ್ಲಿ ಇಂಥ ನದೀಸಂಗಮದಿಂದ ತೆಗೆದ ಮರಳು ಚಿನ್ನವಾಗುವುದೆಂದು ಗುಣಿಸಿ ಹೇಳಿದನು. ಅರಸನು ಹೊರೆಯಾಳುಗಳನ್ನು ಕಳುಹಿಸಿದನು. ಬುಟ್ಟಿ ತುಂಬಿಕೊಂಡು ಮರಳುವಾಗ ಅವರು ಕಾಠ್ಮಂಡುವಿನ ಒಂದು ಕಟ್ಟೆಯ ಮೇಲೆ ದಣಿವಾರಿಸಿಕೊಳ್ಳಲು ಕುಳಿತರು. ಶಂಖಧರ ಸಾಖ್ವಾ ಎಂಬ ವರ್ತಕ, ಮರಳನ್ನು ಇಷ್ಟು ದೂರದಿಂದ ಹೊರಿಸುವುದರಲ್ಲಿ ಏನೋ ಇರಬೇಕೆಂದು ಊಹಿಸಿ, ಅವರಿಗೆ ಹಣ ಕೊಟ್ಟು ಆ ಹೊರೆಯನ್ನು ತನ್ನ ಮನೆಯಲ್ಲಿ ಇಳಿಸಿಕೊಂಡನು. ಹೊರೆಯಾಳುಗಳು ಮತ್ತೆ ತುಂಬಿಕೊಂಡು ಹೋದದ್ದು ಬರಿಯ ಮರಳಾಗಿಯೇ ಉಳಿಯಿತು, ಮುಹೂರ್ತ ಮೀರಿತ್ತು. ಶಂಖಧರನ ಮನೆಯದು ಚಿನ್ನವಾಯಿತು. ಅವನು ಅದರಿಂದ ನಾಡಿನ ಜನರ ಸಾಲವನ್ನೆಲ್ಲ ತೀರಿಸಿ ಹೊಸ ಶಕೆಯನ್ನು ಆರಂಭಿಸಿದನಂತೆ. 1999ರಲ್ಲಿ ಸರ್ಕಾರ ಅವನನ್ನು ರಾಷ್ಟ್ರೀಯ ವಿಭೂತಿಯೆಂದು ಸಾರಿತು. ಬೆನ್ನಿನ ಮೇಲೆ ಚಿನ್ನ ಹೊತ್ತು ತಂದ ಕೂಲಿಗಳ ಹೆಸರುಗಳನ್ನು ಮಾತ್ರ ಕಥೆ ಹೇಳುವುದಿಲ್ಲ.

ಆ ರಾತ್ರಿ ನೇವಾರರು ಮಾಡುವುದು ಮ್ಹಾಪೂಜೆ. ಎಂದರೆ ತಮ್ಮ ಮೈಯೊಳಗಿನ ತಮ್ಮನ್ನೇ ಪೂಜಿಸಿಕೊಳ್ಳುವುದು. ತರುಣನು ಮೆಟ್ಟಿಲಿನ ಮೇಲೆ ಕುಳಿತು ನೋಡಿದನು. ವೃದ್ಧೆ ನೆಲ ಸಾರಿಸಿ, ಹಿಟ್ಟಿನಿಂದ ಸಾಲಾಗಿ ಮಂಡಲಗಳನ್ನು ಬರೆದರು. ಮನೆಯಲ್ಲಿ ಎಷ್ಟು ಜನರೋ ಅಷ್ಟು ಮಂಡಲ, ಯಮನಿಗೂ ಅವನ ದೂತನಿಗೂ ಬೇರೆ. ಒಂದೊಂದರ ಮೇಲೂ ಎಣ್ಣೆಯ ಬೊಟ್ಟು, ಅರಳು, ಹೂ, ಹಣ್ಣು, ಅಕ್ರೋಟು. ಕುಳಿತವರು ಇಬ್ಬರು. ಬರೆದ ಮಂಡಲಗಳು, ಯಮನವನ್ನು ಬಿಟ್ಟು, ಮೂರು. ಹೊರಗಿದ್ದವನ ಹೆಸರಿನಲ್ಲಿಯೂ ಕೆಲವು ಮನೆಗಳಲ್ಲಿ ಮಂಡಲ ಬರೆಯುವುದುಂಟು. ಉದ್ದನೆಯ ಬತ್ತಿಗಳನ್ನು ಹೊತ್ತಿಸಿ ಒಂದೊಂದರ ಮೇಲೂ ಇಟ್ಟರು. ಯಾರೂ ಕೂರದ ಮಂಡಲದ ಮೇಲೆಯೂ ಇಟ್ಟರು. ಆಮೇಲೆ ಬೇಯಿಸಿದ ಮೊಟ್ಟೆ, ಮೀನು, ಮನೆಯಲ್ಲಿ ಭಟ್ಟಿಯಿಳಿಸಿದ ಮದ್ಯಗಳ ‘ಸಗುನ’ ನಡೆಯಿತು. ನಮ್ಮ ವಾಚಕರಲ್ಲಿ ಕೆಲವರು ಹುಬ್ಬೇರಿಸಬಹುದು. ಆದರೆ ಹತ್ತು ಮಾರು ದೂರದಲ್ಲಿ ಕುಳಿತವನಿಗೆ ಕಾಣುತ್ತಿದ್ದದ್ದು ಮೂರನೆಯ ಬತ್ತಿ ಮಾತ್ರ. ಅದು ಉಳಿದೆರಡರಷ್ಟೇ ಹೊತ್ತು ಉರಿಯಿತು.

ಅವನು ಕೋಣೆಗೆ ಹೋಗಿ ಮನೆಗೆ ಫೋನು ಮಾಡಿದನು. ತಾಯಿ ಹೊತ್ತಿಗೆ ಸರಿಯಾಗಿ ಎತ್ತಿಕೊಂಡರು. ಹಂಡೆಗೆ ನೀರು ಯಾರು ಹೊತ್ತರೆಂದು ಕೇಳಿದನು. “ನಾನೇ ಹೊತ್ತೆ. ಹಿಂಡಲೆಕಾಯಿ ಬಳ್ಳಿ ಸಿಗಲಿಲ್ಲ ನೋಡು, ಅದನ್ನ ಹುಡುಕಿ ತರ್ತಿದ್ದೋನು ನೀನು,” ಎಂದರು. ಊಟವಾಯಿತೇ ಎಂದು ಕೇಳಿದರು. ಚಳಿಯೇ ಎಂದು ಕೇಳಿದರು. ದೂರಲಿಲ್ಲ. ದೂರಿದ್ದರೆ ಅವನಿಗೆ ಹಗುರವಾಗುತ್ತಿತ್ತು.

ಐದನೆಯ ದಿನ ಭಾಯಿಟೀಕಾ, ನೇವಾರರಲ್ಲಿ ಕಿಜಾಪೂಜೆ. ಕಿಜಾ ಎಂದರೆ ತಮ್ಮ. ಸೋದರಿ ಸೋದರನನ್ನು ಕೂರಿಸಿ, ಅವನ ಸುತ್ತ ಎಣ್ಣೆಯ ಗೆರೆಯೆಳೆದು ಯಮನನ್ನು ಆಚೆಗೆ ತಡೆಯುತ್ತಾಳೆ. ಹೊಸ್ತಿಲಲ್ಲಿ ಅಕ್ರೋಟನ್ನು ಕಲ್ಲಿನಿಂದ ಜಜ್ಜಿ ವಿಘ್ನವನ್ನು ಪುಡಿಮಾಡುತ್ತಾಳೆ. ಹಣೆಯ ಮೇಲೆ ಏಳು ಬಣ್ಣದ ತಿಲಕವಿಡುತ್ತಾಳೆ. ಕೊರಳಿಗೆ ಮಖಮಲಿಯ ಮಾಲೆ ಹಾಕುತ್ತಾಳೆ. ನಮ್ಮ ಅಂಗಳಗಳಲ್ಲಿಯೂ ಕಾಣುವ, ಗುಂಡಿಯಂತೆ ದುಂಡಗಿನ ನೇರಳೆ ಹೂ ಅದು. ಕಿತ್ತು ತಿಂಗಳುಗಳಾದರೂ ಬಣ್ಣಗೆಡುವುದಿಲ್ಲ. ಅದಕ್ಕಾಗಿಯೇ ಸೋದರನ ಆಯುಸ್ಸಿಗೆ ಅದನ್ನು ಆರಿಸಿದ್ದಾರೆ.

ದೀದಿ ತರುಣನನ್ನು ಕರೆದು ಕೈಗೆ ತಮ್ಮ ಫೋನನ್ನು ಕೊಟ್ಟರು. ಅದರೊಳಗೆ, ಬೆಂಗಳೂರಿನ ಯಾವುದೋ ಅಡಿಗೆಮನೆಯ ಹಿಂಬಾಗಿಲಲ್ಲಿ, ಬಿಳಿಯ ಏಪ್ರನ್ ಕಟ್ಟಿಕೊಂಡು ನಿಂತಿದ್ದವನ ಮುಖ ಕಾಣಿಸುತ್ತಿತ್ತು. “ಸ್ವಲ್ಪ ಕೆಳಗೆ ಹಿಡಿ ಭಾಯಿ, ಅವನಿಗೆ ಮಂಡಲ ಕಾಣಲಿ,” ಎಂದರು. ತರುಣನು ಮಂಡಲದ ಮುಂದೆ ಮೊಣಕಾಲೂರಿ, ಇನ್ನೊಬ್ಬನ ಮುಖವನ್ನು ಎರಡು ಕೈಗಳಲ್ಲಿ ಹಿಡಿದುಕೊಂಡು ಕುಳಿತನು. ದೀದಿ ಎಣ್ಣೆಯ ಗೆರೆಯನ್ನು ಎಳೆದಾಗ ಗಾಜಿನೊಳಗಿನವನು ತಲೆ ಬಾಗಿಸಿದನು. ಅಕ್ರೋಟು ಒಡೆದ ಸದ್ದು ಕೇಳಿ ನಕ್ಕನು. ಯಾರೋ ಒಳಗಿನಿಂದ ಕನ್ನಡದಲ್ಲಿ, “ಬೇಗ ಬಾರಯ್ಯಾ, ಆರ್ಡರು ನಿಂತಿದೆ,” ಎಂದು ಕೂಗಿದ್ದು ಝೋಛೆಂನ ಆ ಮನೆಯಲ್ಲಿ ಒಬ್ಬನಿಗೆ ಮಾತ್ರ ಅರ್ಥವಾಯಿತು. ಏನೆಂದರೆಂದು ದೀದಿ ಕೇಳಿದರು. “ಹಬ್ಬದ ಶುಭಾಶಯ ಹೇಳಿದರು,” ಎಂದನು.

ಫೋನು ಆರಿದ ಮೇಲೆ ದೀದಿ ಮಾಲೆಯನ್ನೂ ಏಳು ಅಕ್ರೋಟುಗಳನ್ನೂ ಒಂದು ಬಟ್ಟೆಯಲ್ಲಿ ಕಟ್ಟಿ, ತುಸು ಸಂಕೋಚದಿಂದ, “ನಾಳೆ ಹೊರಡುವೆಯಲ್ಲ. ನಿನ್ನ ಚೀಲದಲ್ಲಿ ಜಾಗವಿದ್ದೀತೇ?” ಎಂದರು. ಜಾಗವಿತ್ತು. ಅವನಿಗೆ ಸೋದರಿಯರಿಲ್ಲವೆಂದು ತಿಳಿದಾಗ, “ಹಾಗಾದರೆ ಇವತ್ತು ರಾಣಿಪೋಖರಿಗೆ ಹೋಗು. ಇವತ್ತೊಂದು ದಿನ ನಿನ್ನಂಥವರಿಗೆ ಬಾಗಿಲು ತೆರೆದಿರುತ್ತದೆ,” ಎಂದರು.

ರಾಣಿಪೋಖರಿ ನಗರದ ನಡುವಿನ ಕೊಳ. ಮಗನನ್ನು ಕಳೆದುಕೊಂಡು ಶೋಕದಲ್ಲಿದ್ದ ರಾಣಿಯ ಸಮಾಧಾನಕ್ಕೆಂದು ಪ್ರತಾಪಮಲ್ಲ 1670ರಲ್ಲಿ ಕಟ್ಟಿಸಿದ್ದು. ಅನೇಕ ತೀರ್ಥಗಳ ನೀರನ್ನು ತರಿಸಿ ಇದಕ್ಕೆ ಸುರಿಸಿದನಂತೆ. ನಡುವೆ ಶಿವನ ಗುಡಿ, ದಡದಿಂದ ಅದಕ್ಕೊಂದು ಸೇತುವೆ. 2015ರ ಏಪ್ರಿಲ್ 25ರ ಭೂಕಂಪ ನೇಪಾಳದಲ್ಲಿ ಸುಮಾರು ಒಂಬತ್ತು ಸಾವಿರ ಜನರನ್ನು ಬಲಿತೆಗೆದುಕೊಂಡಾಗ ಈ ಗುಡಿಯೂ ಮುರಿಯಿತು. ಮತ್ತೆ ಕಟ್ಟಲು ಮೊದಲಿಟ್ಟಾಗ ಕಾಂಕ್ರೀಟು ಬಳಸಿದ್ದನ್ನು ಕಂಡು ಊರಿನವರು ಪ್ರತಿಭಟಿಸಿ ನಿಲ್ಲಿಸಿದರು. ಆಮೇಲೆ ಹಳೆಯ ಮಲ್ಲರ ಕಾಲದ ಶೈಲಿಯಲ್ಲಿ ಶಿಖರವೆದ್ದು 2020ರಲ್ಲಿ ಕೆಲಸ ಮುಗಿಯಿತು. ವರ್ಷವೆಲ್ಲ ಗುಡಿಗೆ ಬೀಗ. ತೆರೆಯುವುದು ಭಾಯಿಟೀಕಾದ ದಿನ. ಒಡಹುಟ್ಟಿದವರಿಲ್ಲದವರು ಬಂದು ತಿಲಕವಿಡಿಸಿಕೊಂಡು ಹೋಗುತ್ತಾರೆ.

ಸಾಲು ಕೊಳದ ಕಬ್ಬಿಣದ ಬೇಲಿಯನ್ನು ಬಳಸಿ ಬಹಳ ದೂರ ಹೋಗಿತ್ತು. ಮುದುಕರು, ಶಾಲೆಯ ಹುಡುಗಿಯರು, ಒಬ್ಬ ಸೈನಿಕ, ಕೈಗೂಸನ್ನೆತ್ತಿಕೊಂಡ ತಾಯಿ. ಇಷ್ಟೊಂದು ಒಂಟಿ ಜನರನ್ನು ಒಂದೇ ಸಾಲಿನಲ್ಲಿ ಅವನು ಎಂದೂ ಕಂಡಿರಲಿಲ್ಲ. ಮುಂದಿದ್ದ ವೃದ್ಧರೊಬ್ಬರು ತಾವು ಹದಿಮೂರು ವರ್ಷಗಳಿಂದ ಬರುತ್ತಿರುವುದಾಗಿ ಹೇಳಿದರು. ಅದಕ್ಕೆ ಮೊದಲು ಅಕ್ಕನ ಮನೆಗೆ ಹೋಗುತ್ತಿದ್ದರಂತೆ. ಭೂಕಂಪವಾದ ವರ್ಷ ಗುಡಿಯಿರಲಿಲ್ಲ. ಬೇಲಿಯ ಹೊರಗೆ ನಿಂತು ಕೈಮುಗಿದು ಹೋದೆ ಎಂದರು. ಸೇತುವೆ ಮುಗಿಯುವಲ್ಲಿ ಹೆಂಗಸೊಬ್ಬಳು ಅವರ ಹಣೆಗೂ ಇವನ ಹಣೆಗೂ ಒಂದೇ ತಟ್ಟೆಯಿಂದ ಬಣ್ಣವಿಟ್ಟಳು. ಹೆಸರು ಕೇಳಲಿಲ್ಲ, ಊರು ಕೇಳಲಿಲ್ಲ.

ಮರುರಾತ್ರಿ ಬಸ್ಸಿನಲ್ಲಿ ಅವನು ಚೀಲವನ್ನು ಮೇಲಿನ ಅಟ್ಟಕ್ಕೇರಿಸದೆ ತೊಡೆಯ ಮೇಲೆಯೇ ಇರಿಸಿಕೊಂಡನು. ಬೆಳಗಿನ ಹೊತ್ತಿಗೆ ಸುನೌಲಿ. ಗಡಿಯಲ್ಲಿ ಕಾವಲಿನವನು ಚೀಲವನ್ನು ಬಿಚ್ಚಿಸಿ, ಕಂಬಳಿಯಂಗಿಯ ಮ��ಿಕೆಯೊಳಗಿನ ಗಂಟನ್ನು ಹೊರತೆಗೆದು, “ಏನಿದು?” ಎಂದನು.

“ಮಾಲೆ. ಬೆಂಗಳೂರಿನಲ್ಲಿ ಒಬ್ಬ ತಮ್ಮನಿದ್ದಾನೆ.”

ಕಾವಲಿನವನು ಗಂಟು ಬಿಚ್ಚಿ ನೇರಳೆ ಹೂಗಳನ್ನು ಒಮ್ಮೆ ನೋಡಿ, ತರುಣನ ಹಣೆಯ ಮೇಲೆ ಮಾಸಿದ್ದ ಬಣ್ಣಗಳನ್ನು ನೋಡಿ, ಅಕ್ರೋಟುಗಳನ್ನು ಎಣಿಸಿದನು. ಆಮೇಲೆ ತಾನೇ ಗಂಟು ಹಾಕಿ, ಹೂ ನಲುಗದಂತೆ ಚೀಲದ ಮೇಲ್ಭಾಗದಲ್ಲಿಟ್ಟು ಕೊಟ್ಟನು. ಕಮಾನಿನಾಚೆ ಗೋರಖಪುರದ ಬಸ್ಸು ಹೊರಡಲು ಇನ್ನೂ ಹೊತ್ತಿತ್ತು. ಗಡಿಯಾರ ಹದಿನೈದು ನಿಮಿಷ ಹಿಂದಕ್ಕೆ ಬಂದಿತ್ತು.